ಕೆಂಪು ಬಣ್ಣದ ‘ಕೂಡದು’

ಮನೆ, ಹಜಾರದ ಕಿಟಕಿಯ ಪಕ್ಕದ ಮೇಜು
ಜೂನ್ ಹದಿನಾಲ್ಕು, ಸೋಮವಾರ, ಬೆಳಗಿನ ಕಾಫಿಯ ನಂತರ

ಸಿಟ್ಟಿನಲ್ಲಿದ್ದರೂ ನನ್ನ ಪ್ರೀತಿಯವಳೇ ಆದ ಅಕ್ಕನಿಗೆ,

ಮೊದಲು ನಿನ್ನ ಆರೋಗ್ಯದ ಮಾತು. ನಿಂತೂ ನಿಂತೂ ಊದಿಕೊಳ್ಳುತ್ತಿದ್ದ ಕಾಲುಗಳು ಈಗ ಹೇಗಿವೆ? ವಾರ್ಡಿನಲ್ಲಿ ಎಲ್ಲರಿಗೂ ಹೊತ್ತು ಹೊತ್ತಿಗೆ ಗುಳಿಗೆ ನುಂಗಿಸುವ ನೀನು ನಿನ್ನ ಪಾಲಿನ ಗುಳಿಗೆಯನ್ನು ಮಾತ್ರ ಮರೆಯುತ್ತೀಯೆ ಎಂದು ನಿನ್ನ ಕೋಣೆಯ ಗೆಳತಿ ಅಮ್ಮನ ಕಿವಿಗೆ ಚಾಡಿ ಹಾಕಿದ್ದಾಳೆ. ನಾನೇನೂ ಬುದ್ಧಿ ಹೇಳಲು ಹೊರಟಿಲ್ಲ. ಈ ಮನೆಯಲ್ಲಿ ಆ ಕೆಲಸಕ್ಕೆ ಗೋಡೆಗಳೇ ಇವೆ. ಇಲ್ಲಿ ನಾನು ಮತ್ತು ಅಪ್ಪ ಕ್ಷೇಮ. ಅಮ್ಮನ ಕ್ಷೇಮವನ್ನು ಮುಂದೆ ಬರೆಯುತ್ತೇನೆ, ಏಕೆಂದರೆ ಅದು ಒಂದು ಸಾಲಿನಲ್ಲಿ ಮುಗಿಯುವಂಥದ್ದಲ್ಲ. ಫೋನು ಇರುವಾಗ ಪತ್ರವೇಕೆ ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ಅಪ್ಪನ ಸುದ್ದಿ ಬಂದೊಡನೆ ನಿನಗೆ ಡ್ಯೂಟಿಯ ಗಂಟೆ ಕೇಳಿಸಿಬಿಡುತ್ತದೆ. ಪತ್ರಕ್ಕೆ ಆ ತೊಂದರೆಯಿಲ್ಲ. ಮಡಚಿಟ್ಟು ಹೋದರೂ ಬಂದ ಮೇಲೆ ಬಿಟ್ಟಲ್ಲಿಂದಲೇ ಮಾತು ಮುಂದುವರಿಸುತ್ತದೆ. ಔಷಧಿ ಅಂಗಡಿಯವರ ಸೊಸೆ ನಾಳೆ ಬೆಳಗ್ಗೆ ನಿನ್ನ ಊರಿಗೆ ಹೊರಟಿದ್ದಾಳೆ. ಅವಳ ಕೈಯಲ್ಲೇ ಇದನ್ನು ಕೊಟ್ಟು ಕಳಿಸುತ್ತೇನೆ.

ಇನ್ನು ಸುದ್ದಿ. ನಾನು ಮೊದಲ ಸ್ಥಾನ ಪಡೆದಿದ್ದೇನೆ. ವಿನಯವನ್ನು ಇನ್ನೊಂದು ಪತ್ರಕ್ಕೆ ಎತ್ತಿಟ್ಟಿದ್ದೇನೆ, ಆದ್ದರಿಂದ ನೇರವಾಗಿಯೇ ಬರೆಯುತ್ತೇನೆ: ಭಾಷಾ ವಿಭಾಗದಲ್ಲಿ ಮಾತ್ರವಲ್ಲ, ಇಡೀ ಕಾಲೇಜಿನಲ್ಲೇ ಮೊದಲನೆಯವಳು. ಎರಡನೆಯವನು ಗಣಿತದವನು, ಪಾಪ. ಅವನಿಗೂ ನನಗೂ ನಡುವೆ ಒಂದು ಬಸ್ಸು ತಿರುಗಿಸುವಷ್ಟು ಜಾಗವಿದೆ. ಯಾರನ್ನೂ ಹೊಗಳಿ ಅಭ್ಯಾಸವಿಲ್ಲದ ನಮ್ಮ ವ್ಯಾಕರಣದ ಮೇಡಂ ನನ್ನ ಪ್ರಬಂಧವನ್ನು ಮೇಜಿನ ಮೇಲಿಟ್ಟು, ‘ಇದರಲ್ಲಿ ತಪ್ಪು ಸಿಗಲಿಲ್ಲ ಕಣಮ್ಮ, ಅದೇ ಬೇಜಾರು’ ಎಂದರು. ಅಮ್ಮ ಆ ಒಂದು ಮಾತನ್ನು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಹಂಚಿ ಬಂದಿದ್ದಾಳೆ. ಪ್ರತಿ ಮನೆಯಲ್ಲೂ ಅದು ಸ್ವಲ್ಪ ಸ್ವಲ್ಪ ಬೆಳೆದು, ಕೊನೆಯ ಮನೆ ತಲುಪುವ ಹೊತ್ತಿಗೆ ಮೇಡಂ ಕಣ್ಣೀರು ಹಾಕಿದ್ದರಂತೆ. ಪ್ರಬಂಧದ ವಿಷಯ ಕೇಳಿದರೆ ನೀನು ನಗುತ್ತೀಯೆ. ನಮ್ಮ ಭಾಷೆಯಲ್ಲಿ ‘ಮಾಡಬೇಡ’ ಎಂದು ಹೇಳುವ ಬಗೆಗಳು. ಬೇರೆಯವರಾದರೆ ಉದಾಹರಣೆಗಳಿಗಾಗಿ ಗ್ರಂಥಾಲಯಕ್ಕೆ ಹೋಗಬೇಕಿತ್ತು. ನನಗೆ ಬಚ್ಚಲಿನಿಂದ ಹಜಾರದವರೆಗೆ ನಡೆದರೆ ಸಾಕಾಯಿತು.

ಬೋರ್ಡು ಬರೆಯುವವರ ಮಕ್ಕಳಾಗಿ ಹುಟ್ಟಿದ ಪುಣ್ಯವದು. ಈ ಊರಿಗೆ ಅಪ್ಪನ ಕುಂಚ ಹೇಳದ ಬುದ್ಧಿಯಿಲ್ಲ. ಬಸ್ ನಿಲ್ದಾಣದಲ್ಲಿ ಉಗುಳಕೂಡದು, ಉದ್ಯಾನದಲ್ಲಿ ಹೂ ಕೀಳಬಾರದು, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂರಬಾರದು. ಆ ಕೆಲಸಗಳಲ್ಲಿ ಉಳಿದ ಬಣ್ಣ ಡಬ್ಬದ ತಳದಲ್ಲಿ ಒಣಗಿಹೋದರೆ ದಂಡವಲ್ಲವೆ ಎಂದು ಅಪ್ಪ ಅದನ್ನು ಮನೆಗೆ ತಂದು ಇಲ್ಲಿಯೂ ಒಂದೊಂದು ನೀತಿ ಬರೆದರು. ಆಸ್ಪತ್ರೆಯ ಹಸಿರಿನಲ್ಲಿ ಬಚ್ಚಲಿನ ‘ನೀರು ಪೋಲು ಮಾಡಬಾರದು’, ಬ್ಯಾಂಕಿನ ನೀಲಿಯಲ್ಲಿ ಅಡುಗೆಮನೆಯ ‘ತಟ್ಟೆಯಲ್ಲಿ ಬಿಡಬೇಡಿ’, ಕನ್ನಡಿಯ ಮೇಲೆ ‘ರೂಪಕ್ಕಿಂತ ಗುಣ ಮೇಲು’. ನೀನು ತಲೆ ಬಾಚುವ ಮುನ್ನ ಆ ಕೊನೆಯದರ ಮೇಲೆ ಟವೆಲ್ಲು ಹೊದಿಸುತ್ತಿದ್ದದ್ದು ನೆನಪಿದೆಯೆ? ಈ ಮನೆಗೆ ಬರುವವರು ಚಪ್ಪಲಿ ಬಿಡುವ ಜಾಗದಲ್ಲೇ ಪಾಪವನ್ನೂ ಬಿಟ್ಟು ಬರಬೇಕು ಎಂದು ಪಕ್ಕದ ಮನೆಯ ದರ್ಜಿ ಮಾವ ಈಗಲೂ ಅನ್ನುತ್ತಾರೆ. ಅಪ್ಪ ಗೆರೆ ಹಾಕುವಾಗ ಸುಣ್ಣದ ದಾರದ ಒಂದು ತುದಿ ನಿನ್ನ ಕೈಯಲ್ಲಿ. ಬರೆದದ್ದನ್ನು ಕೆಳಗೆ ನಿಂತು ಓದಿ ತಪ್ಪು ಹಿಡಿಯುವ ಕೆಲಸ ನನ್ನದು. ನನಗೆ ‘ಕಾಗುಣಿತ’ ಎಂದು ಹೆಸರಿಟ್ಟವಳು ನೀನೇ. ಆ ಹೆಸರು ಇಂದು ಕಾಲೇಜಿನ ಮೊದಲ ಸ್ಥಾನದಲ್ಲಿದೆ ಎಂಬುದನ್ನು ದಯವಿಟ್ಟು ಗಮನಿಸು. ಒಂದು ಮಾತನ್ನು ಮಾತ್ರ ನ್ಯಾಯವಾಗಿ ಹೇಳಬೇಕು. ಆಚಾರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎಂಬ ಗಾದೆ ಅಪ್ಪನ ಹತ್ತಿರವೂ ಸುಳಿಯುವಂತಿಲ್ಲ. ಬರೆದದ್ದನ್ನೆಲ್ಲ ಅವರು ಪಾಲಿಸುತ್ತಾರೆ. ನಮ್ಮ ಕಷ್ಟ ಶುರುವಾದದ್ದೇ ಅಲ್ಲಿಂದ.

ನೀನು ಯಾವ ಗೋಡೆಯನ್ನು ನೆನೆಯುತ್ತಿದ್ದೀಯೆ ಎಂದು ನನಗೆ ಗೊತ್ತು. ಹಜಾರದ್ದು. ಕರೆಂಟ್ ಕಂಬಗಳಿಗೆ ‘ಅಪಾಯ’ ಬರೆದು ಉಳಿದ ಕೆಂಪು ಬಣ್ಣದಲ್ಲಿ, ಊಟದ ಮೇಜಿನ ನೇರಕ್ಕೆ, ಒಂದು ಮೊಳದ ಅಕ್ಷರಗಳಲ್ಲಿ: ‘ಒಳ್ಳೆಯದಕ್ಕೂ ಸುಳ್ಳು ಹೇಳಕೂಡದು’. ಅಜ್ಜಿ ತೀರಿಕೊಂಡು ವಾರ ಕಳೆಯುವುದರೊಳಗೆ ಅಪ್ಪ ಅದನ್ನು ಬರೆದರು. ‘ಆ ಗೋಡೆ ಕೆಳಗೆ ನಾನು ಒಂದು ತುತ್ತೂ ತಿನ್ನಲ್ಲ’ ಎಂದು ನೀನು ಪೆಟ್ಟಿಗೆ ಕಟ್ಟಿದೆ. ಅಂದಿನಿಂದ ನೀನು ಬಂದಿಲ್ಲ, ಅಪ್ಪ ಕರೆದಿಲ್ಲ. ಅಜ್ಜಿ ಹೋದ ದಿನ ನಾನು ಪರೀಕ್ಷೆ ಬರೆಯುತ್ತಿದ್ದೆ; ನಡೆದದ್ದೆಲ್ಲ ಅಮ್ಮನ ಬಾಯಿಂದ ಕೇಳಿದ್ದು. ಅಜ್ಜಿ ಹಾಸಿಗೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಚಿಕ್ಕಪ್ಪನನ್ನೇ ಕೇಳುತ್ತಿದ್ದಳಂತೆ. ಚಿಕ್ಕಪ್ಪನಿಗೆ ಸುದ್ದಿ ಮುಟ್ಟಿಯೇ ಇರಲಿಲ್ಲ. ನೀನು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತ, ‘ಹೊರಟಿದ್ದಾರೆ ಅಜ್ಜಿ, ದಾರೀಲಿದ್ದಾರೆ’ ಎಂದೆ. ಅಜ್ಜಿ ಮುಷ್ಟಿ ಸಡಿಲಿಸಿದಳು, ಕುಡಿಯಲು ನೀರು ಕೇಳಿದಳು, ಸಂಜೆಯೊಳಗೆ ನೆಮ್ಮದಿಯಾಗಿ ಹೋದಳು. ಆದರೆ ನಿನ್ನ ಮಾತನ್ನು ಬಾಗಿಲಲ್ಲಿ ನಿಂತಿದ್ದ ಅಪ್ಪನೂ ಕೇಳಿಸಿಕೊಂಡಿದ್ದರು, ಅಪ್ಪನೂ ನಂಬಿದ್ದರು. ತಮ್ಮನನ್ನು ಕರೆತರಲು ರೈಲು ನಿಲ್ದಾಣಕ್ಕೆ ಹೊರಟೇಬಿಟ್ಟರು. ನೀನು ಬಾಗಿಲಿಗೆ ಓಡುವಷ್ಟರಲ್ಲಿ ಬೀದಿಯ ತಿರುವು ದಾಟಿದ್ದರು. ಅವರ ಫೋನು ಬಣ್ಣದ ಡಬ್ಬಗಳ ನಡುವೆ ಉಳಿದಿತ್ತು. ಅಜ್ಜಿಯ ಕೈ ಬಿಟ್ಟು ನೀನು ಹೋಗುವಂತಿರಲಿಲ್ಲ. ಹೆತ್ತ ತಾಯಿಯ ಕೊನೆಯುಸಿರಿನ ಹೊತ್ತಿಗೆ ಅಪ್ಪ ಬಾರದ ರೈಲಿಗೆ ಕಾಯುತ್ತ ನಿಂತಿದ್ದರು. ಇದರಲ್ಲಿ ಯಾರು ಸರಿ ಎಂದು ನಾನು ತೀರ್ಪು ಕೊಡಲಾರೆ. ಮೊದಲ ಸ್ಥಾನದವಳಾದ ನನಗೂ ಈ ಪ್ರಶ್ನೆಗೆ ಉತ್ತರ ಹೊಳೆದಿಲ್ಲ ಎಂದರೆ, ಪ್ರಶ್ನೆಯೇ ಅಷ್ಟು ಗಟ್ಟಿಯಾದದ್ದು ಎಂದು ತಿಳಿ.

ಈಗ ಅಮ್ಮನ ಕ್ಷೇಮ. ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದು ನಿನಗೆ ತಿಳಿದೇ ಇದೆ. ಅದು ಎಷ್ಟು ಬೆಳೆದಿದೆ ಎಂದು ಅವಳು ನಿನಗೆ ಹೇಳಿರಲಾರಳು. ಮೊನ್ನೆ ದರ್ಜಿ ಮಾವನನ್ನು ಅಪ್ಪನೆಂದುಕೊಂಡು ಚೆನ್ನಾಗಿ ಬೈದಳು. ಮಾವ ಪೂರ್ತಿ ಬೈಸಿಕೊಂಡು, ಕೊನೆಗೆ ಮೆತ್ತಗೆ ತಾನು ಯಾರೆಂದು ಹೇಳಿ ಹೋದರು. ‘ನಿಮ್ಮಪ್ಪನ ಗೋಡೆ ಬರಹ ಒಂದೂ ಕಾಣಲ್ಲ, ಅದೊಂದೇ ಸುಖ’ ಎಂದು ತಾನೇ ನಗುತ್ತಾಳೆ. ಆದರೆ ಶಸ್ತ್ರಚಿಕಿತ್ಸೆಗೆ ಒಪ್ಪುತ್ತಿಲ್ಲ. ಆಸ್ಪತ್ರೆಯವರು ದಿನ ಕೊಟ್ಟಾಗಲೆಲ್ಲ ಏನಾದರೊಂದು ನೆಪ ಹೇಳಿ ಮುಂದೂಡುತ್ತಾಳೆ. ನಿಜವಾದ ಕಾರಣ ನನಗೆ ಮಾತ್ರ ಹೇಳಿದ್ದಾಳೆ: ‘ಕಣ್ಣಿಗೆ ಕಟ್ಟು ಹಾಕಿದಾಗ ಪಕ್ಕದಲ್ಲಿ ದೊಡ್ಡವಳಿರಬೇಕು. ಅವಳ ಕೈಯಾದರೆ ನನಗೆ ಭಯ ಇಲ್ಲ.’ ನಾನು ಪಕ್ಕದಲ್ಲೇ ಇದ್ದೆ, ಅಕ್ಕ. ನನಗೂ ಎರಡು ಕೈಗಳಿವೆ. ಆದರೆ ನನ್ನ ಕೈ ಪುಸ್ತಕ ಹಿಡಿಯುವ ಕೈಯಂತೆ, ನಿನ್ನದು ಮನುಷ್ಯರನ್ನು ಹಿಡಿಯುವ ಕೈಯಂತೆ. ಈ ಒಂದು ವಿಷಯದಲ್ಲಿ ಎರಡನೆಯ ಸ್ಥಾನಕ್ಕೆ ನಾನು ತಕರಾರಿಲ್ಲದೆ ಒಪ್ಪಿದೆ. ಆಸ್ಪತ್ರೆಯವರು ಈಗ ಮುಂದಿನ ಶುಕ್ರವಾರದ ದಿನ ಕೊಟ್ಟು, ಇಂದು ಫೋನು ಮಾಡಿ ಉತ್ತರ ಕೇಳುವುದಾಗಿ ಹೇಳಿದ್ದಾರೆ. ಇನ್ನು ತಡಮಾಡಿದರೆ ಪೊರೆ ಗಟ್ಟಿಯಾಗುತ್ತದೆಂದು ವೈದ್ಯರು ಎಚ್ಚರಿಸಿದ್ದಾರೆ. ಅಮ್ಮ ಇಂದೂ ‘ಬೇಡ’ ಎನ್ನುವ ಸಿದ್ಧತೆಯಲ್ಲಿದ್ದಾಳೆ.

ನಾನು ಬರೆಯಲು ಕುಳಿತ ಮುಖ್ಯ ವಿಷಯ ಇನ್ನೂ ಉಳಿದಿದೆ. ನಮ್ಮ ಕಾಲೇಜಿನಲ್ಲಿ ಪ್ರತಿ ವರ್ಷ ಮೊದಲು ಬಂದವರು ಹೆಬ್ಬಾಗಿಲ ಗೋಡೆಗೆ ಒಂದು ವಾಕ್ಯ ಆರಿಸಿ ಕೊಡುವ ಪದ್ಧತಿಯಿದೆ. ಹೋದ ವರ್ಷದ್ದು ‘ಶಿಸ್ತೇ ಯಶಸ್ಸಿನ ಮೆಟ್ಟಿಲು’. ಅದರ ಕೆಳಗಿನ ಮೆಟ್ಟಿಲ ಮೇಲೆ ಕುಳಿತೇ ಎಲ್ಲರೂ ಒಬ್ಬರದನ್ನೊಬ್ಬರು ನೋಡಿ ಬರೆಯುತ್ತಿದ್ದರು. ಹೇಳಿಕೊಟ್ಟ ಮಾತು, ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಬಂದೀತು? ನಾನು ಬಹಳ ಯೋಚಿಸಿ ಕೊಟ್ಟ ವಾಕ್ಯ ಇದು: ‘ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನದಿರೋಣ’. ಪ್ರಾಂಶುಪಾಲರು ಎರಡು ಸಲ ಓದಿ, ಹುಡುಗರಿಗೆ ಸ್ವಲ್ಪ ಖಡಕ್ಕಾಗಿ ಹೇಳಬೇಕಮ್ಮ, ‘ಎನ್ನಕೂಡದು’ ಎಂದು ತಿದ್ದೋಣವೆ ಎಂದರು. ನಾನು ನನ್ನ ಪ್ರಬಂಧವನ್ನೇ ಅವರ ಮುಂದೆ ಬಿಚ್ಚಿದೆ. ‘ಕೂಡದು’ ಎನ್ನುವವನು ಏಣಿಯ ಮೇಲಿರುತ್ತಾನೆ, ಕೇಳುವವನು ನೆಲದ ಮೇಲೆ. ‘ಬಾರದು’ ಎನ್ನುವವನು ತಾನೊಬ್ಬನೇ ಹೇಳುತ್ತಿಲ್ಲವೆಂದು ತೋರಿಸಲು ಊರನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡಿರುತ್ತಾನೆ. ‘ಬೇಡ’ ಎಂಬಲ್ಲಿ ಕನಿಷ್ಠ ಎದುರಿಗಿರುವವರ ಮುಖವಾದರೂ ಕಾಣುತ್ತದೆ. ಹೇಳುವವನೇ ಕೆಳಗಿಳಿದು ಬಂದು ಸಾಲಿನಲ್ಲಿ ನಿಲ್ಲುವುದು ‘ಓಣ’ ಎಂಬ ಆ ಒಂದು ಬಾಲದಲ್ಲಿ ಮಾತ್ರ. ಪ್ರಾಂಶುಪಾಲರು ಕನ್ನಡಕ ತೆಗೆದು ಒರೆಸುತ್ತ, ‘ಹಾಗಾದ್ರೆ ನಾನೂ ದಿನಾ ಅದರ ಕೆಳಗೇ ಹಾದು ಬರಬೇಕಲ್ಲಮ್ಮ’ ಎಂದರು. ಹೌದು ಸರ್, ಅದಕ್ಕೇ ಬರೆದದ್ದು ಎಂದೆ. ಅವರು ನಕ್ಕು ಒಪ್ಪಿಕೊಂಡರು. ಈ ಮಾತುಕತೆಯನ್ನು ವಿಭಾಗದವರೆಲ್ಲ ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳುತ್ತಿದ್ದರೆಂದು ಆಮೇಲೆ ತಿಳಿಯಿತು. ತಿಳಿದು ನನಗೆ ಸಂತೋಷವೇ ಆಯಿತು.

ಗೋಡೆ ಬರೆಯಲು ಬಂದವರು ಯಾರೆಂದು ಹೇಳಬೇಕಿಲ್ಲ. ಮೊನ್ನೆಯದಲ್ಲ, ಅದರ ಹಿಂದಿನ ಶನಿವಾರ ಮಧ್ಯಾಹ್ನ, ತರಗತಿಗಳು ಬಿಟ್ಟ ಮೇಲೆ, ಅಪ್ಪ ಏಣಿ ಹಾಕಿದರು. ದಾರದ ಒಂದು ತುದಿಯನ್ನು ನಿನ್ನ ಬದಲು ಮೊಳೆಗೆ ಕಟ್ಟಿದರು. ನನ್ನನ್ನು ಮಾಮೂಲಿನಂತೆ ಕೆಳಗೆ ನಿಲ್ಲಿಸಿದರು. ‘ಗೊತ್ತಿಲ್ಲದ್ದನ್ನು ಗೊತ್ತಿದೆ’ ಎಂಬುದು ಮುತ್ತು ಪೋಣಿಸಿದಂತೆ ಬಂತು. ‘ಎನ್ನ’ ಕೂಡ ಬಂತು. ಆಮೇಲೆ, ಅಕ್ಕ, ಅಪ್ಪನ ಕೈ ತನ್ನಷ್ಟಕ್ಕೆ ತಾನೇ ಹೋಗಿ ‘ಕೂ’ ಎಂದು ಬರೆದುಬಿಟ್ಟಿತು. ಇಷ್ಟು ವರ್ಷ ‘ಕೂಡದು’ ಬರೆದ ಕೈ. ಅದಕ್ಕೆ ಬೇರೆ ದಾರಿ ಗೊತ್ತಿರಲಿಲ್ಲ. ನಾನು ಕೆಮ್ಮಿದೆ. ಅಪ್ಪ ಚೀಟಿ ನೋಡಿದರು, ಗೋಡೆ ನೋಡಿದರು, ಬಟ್ಟೆಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿದರು. ಎಷ್ಟು ಒರೆಸಿದರೂ ಅದರ ನೆರಳು ಉಳಿದೇ ಉಳಿಯಿತು. ಇವತ್ತಿಗೂ ‘ದಿ’ ಅಕ್ಷರದ ಹಿಂದೆ ಮಸುಕಾಗಿ ಒಂದು ‘ಕೂ’ ಕಾಣುತ್ತದೆ. ಹಾಸ್ಟೆಲಿನ ಹುಡುಗರು ಅದರ ಕೆಳಗೆ ಹಾದುಹೋಗುವಾಗ ರೈಲಿನಂತೆ ಕೂಗುತ್ತಾರೆ. ಒರೆಸಿದ ಮೇಲೆ ಅಪ್ಪ ಕೂಡಲೇ ಬರೆಯಲಿಲ್ಲ. ಕುಂಚ ಎತ್ತಿ ಹಿಡಿದು ನನ್ನ ಕಡೆಗೆ ತಿರುಗಿ, ‘ಚಿಕ್ಕವಳೇ, ಈ ಓಣದಲ್ಲಿ ನಾನೂ ಬರ್ತೀನಾ?’ ಎಂದು ಕೇಳಿದರು. ಬರೆಯುವವರೂ ಬರ್ತಾರಪ್ಪ ಎಂದೆ.

ಅಪ್ಪ ಏಣಿಯಿಂದ ಇಳಿದು ಕೆಳಗಿನ ಮೆಟ್ಟಿಲ ಮೇಲೆ ಕುಳಿತರು. ಆಮೇಲೆ ಅವರು ಹೇಳಿದ್ದನ್ನು ನಾನು ಈ ಮೊದಲು ಕೇಳಿರಲಿಲ್ಲ. ನೀನೂ ಕೇಳಿರಲಾರೆ, ಅದಕ್ಕೇ ಬರೆಯುತ್ತಿದ್ದೇನೆ. ಅಂದು ನಿಲ್ದಾಣದಲ್ಲಿ ಅವರು ಎರಡು ಲೋಟ ಕಾಫಿ ಹಿಡಿದು ನಿಂತಿದ್ದರಂತೆ, ಒಂದು ತಮಗೆ, ಒಂದು ತಮ್ಮನಿಗೆ. ಒಂದು ರೈಲು ಬಂದು ಹೋಗುವಷ್ಟರಲ್ಲಿ ಕಾಫಿ ಆರಿತು. ಚೆಲ್ಲಿ, ಮತ್ತೆ ಬಿಸಿಯಾದದ್ದು ಕೊಂಡರು. ಇಳಿಯುವ ಪ್ರತಿಯೊಬ್ಬನೂ ದೂರದಿಂದ ತಮ್ಮನಂತೆಯೇ ಕಾಣುತ್ತಿದ್ದನಂತೆ. ತಮ್ಮ ಬಂದ ಕೂಡಲೇ ಅವನಿಗೆ ಏನೇನು ಬುದ್ಧಿ ಹೇಳಬೇಕು ಎಂದು ಮನಸ್ಸಿನಲ್ಲೇ ಸಾಲಾಗಿ ಬರೆದಿಟ್ಟುಕೊಳ್ಳುತ್ತಿದ್ದರಂತೆ. ಇದನ್ನು ಹೇಳುವಾಗ ಅವರಿಗೇ ನಗು ಬಂತು. ನಗು ನಿಂತ ಮೇಲೆ, ಕುಂಚದ ಕೂದಲನ್ನು ಬೆರಳಿನಿಂದ ನೇರ ಮಾಡುತ್ತ ಕುಳಿತರು. ಅನಂತರ ಗೋಡೆಯ ಅರ್ಧ ವಾಕ್ಯವನ್ನು ನೋಡಿಕೊಂಡು ಹೇಳಿದ ಮಾತನ್ನು ಇದ್ದ ಹಾಗೆಯೇ ಬರೆಯುತ್ತೇನೆ: ‘ಅಮ್ಮನ ಕೊನೇ ಹೊತ್ತು ಹೇಗಿತ್ತು ಅಂತ ನನಗೆ ಗೊತ್ತಿಲ್ಲ ಕಣೇ. ನಾನು ಅಲ್ಲಿರಲಿಲ್ಲ. ಅಲ್ಲಿದ್ದವಳು ದೊಡ್ಡವಳು.’ ಅಷ್ಟೇ. ಎದ್ದು ಏಣಿ ಹತ್ತಿದರು, ‘ದಿರೋಣ’ ಎಂದು ಮುಗಿಸಿದರು. ಅಂಥ ‘ಣ’ವನ್ನು ಅವರ ಕೈ ಈವರೆಗೆ ಬರೆದಿಲ್ಲ, ಅಕ್ಕ. ಅದರ ಸುರುಳಿ ನೋಡಲಿಕ್ಕೆಂದೇ ವ್ಯಾಕರಣದ ಮೇಡಂ ದಿನಕ್ಕೊಮ್ಮೆ ಆ ಬಾಗಿಲಿನಿಂದ ಬರುತ್ತಾರೆ.

ಆ ಗೋಡೆಯ ಮುಂದೆ ನಿಂತಾಗ ನನಗೆ ಬರುವ ಹೆಮ್ಮೆಯನ್ನು ಯಾವ ಅಂಕಪಟ್ಟಿಯೂ ಕೊಟ್ಟಿಲ್ಲ. ವಾಕ್ಯ ನನ್ನದು, ಅಕ್ಷರ ಅಪ್ಪನದು. ಊರಿಗೆಲ್ಲ ‘ಕೂಡದು’ ಹೇಳಿದ ಮನುಷ್ಯ ಮಗಳು ಬರೆದ ಒಂದು ಸಾಲಿನ ಕೆಳಗೆ ಬಂದು, ಇದರಲ್ಲಿ ನಾನೂ ಇದ್ದೇನೆಯೇ ಎಂದು ಕೇಳಿದರು. ನೀತಿ ಹೇಳುವವರು ನೂರು ಜನ ಸಿಗುತ್ತಾರೆ. ಹಾಗೆ ಕೇಳುವವರು ನನಗೆ ನಮ್ಮ ಮನೆಯಲ್ಲೇ ಸಿಕ್ಕಿದರು. ಆದರೆ ಇರುವುದನ್ನು ಇದ್ದಂತೆ ಬರೆಯಬೇಕು: ಹಜಾರದ ಗೋಡೆ ಹಾಗೆಯೇ ಇದೆ. ಆ ಶನಿವಾರ ಮನೆಗೆ ಬಂದವರು ಅದರ ಎದುರು ಊಟಕ್ಕೆ ಕುಳಿತು, ಮರುದಿನ ಕುರ್ಚಿಯನ್ನು ತಿರುಗಿಸಿಕೊಂಡು ಅದಕ್ಕೆ ಬೆನ್ನು ಮಾಡಿ ಕುಳಿತರು. ಅಷ್ಟು ಮಾತ್ರ ನಡೆದಿದೆ. ‘ಬಾ’ ಎಂದು ಬರೆಯುವ ಮನಸ್ಸಿದೆ. ಆದರೆ ಅದೂ ವಿಧಿರೂಪವೇ, ಆಜ್ಞೆಯ ವಾಸನೆ ಹೊಡೆಯುತ್ತದೆ. ಆದ್ದರಿಂದ ನನಗೆ ಪ್ರಿಯವಾದ ಬಾಲವನ್ನೇ ಹಚ್ಚಿ ಬರೆಯುತ್ತೇನೆ: ಅಮ್ಮನ ಪಕ್ಕದಲ್ಲಿ ಕೂರೋಣ. ನೀನು ಒಂದು ಕಡೆ, ನಾನು ಇನ್ನೊಂದು ಕಡೆ.

ನಿನ್ನ ಕೋಣೆಯ ಗೆಳತಿಗೆ ನನ್ನ ನೆನಪು ತಿಳಿಸು. ಚಾಡಿ ಹೇಳುವುದನ್ನು ನಿಲ್ಲಿಸದಿರಲಿ. ಅಮ್ಮ ನಿನಗೆ ಹೇಳಿದ ಆಶೀರ್ವಾದಗಳು ಈ ಕಾಗದದಲ್ಲಿ ಹಿಡಿಸುವುದಿಲ್ಲ. ದರ್ಜಿ ಮಾವ ನಿನ್ನ ಅಳತೆ ಇನ್ನೂ ಅಳಿಸಿಲ್ಲವಂತೆ. ಕಾಲುಗಳನ್ನು ದಿಂಬಿನ ಮೇಲಿಟ್ಟು ಮಲಗು.

ನಿನ್ನ ತಂಗಿ, ಮೊದಲ ಸ್ಥಾನದ
ಕಾಗುಣಿತ

ತಾ. ಕ.: ಅಂಟಿಸಿದ್ದ ಪತ್ರ ಬಿಚ್ಚಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೋ. ಈಗಷ್ಟೇ ಆಸ್ಪತ್ರೆಯಿಂದ ಫೋನು ಬಂತು. ಅಮ್ಮ ಫೋನಿಗೆ ಅಂಗೈ ಅಡ್ಡ ಹಿಡಿದು ಅಪ್ಪನನ್ನು ಕೇಳಿದಳು: ‘ನೀವಂತೂ ಸುಳ್ಳು ಹೇಳೋರಲ್ಲ. ದೊಡ್ಡವಳು ಬರ್ತಾಳಾ, ಇಲ್ವಾ?’ ಅಪ್ಪ ಕುಂಚ ತೊಳೆಯುತ್ತಿದ್ದರು. ತಲೆ ಎತ್ತಲಿಲ್ಲ. ‘ಹೊರಟಿದ್ದಾಳೆ, ದಾರೀಲಿದ್ದಾಳೆ’ ಎಂದರು. ನಿನ್ನದೇ ಮಾತು, ‘ರೆ’ ಇದ್ದಲ್ಲಿ ‘ಳೆ’ ಬಂದದ್ದಷ್ಟೇ ವ್ಯತ್ಯಾಸ. ಅಮ್ಮ ಶುಕ್ರವಾರಕ್ಕೆ ಒಪ್ಪಿ, ನಿನ್ನ ಹಾಸಿಗೆಗೆ ಬಿಸಿಲು ಕಾಣಿಸಲು ತಡವರಿಸುತ್ತ ಮಹಡಿಗೆ ಹೋಗಿದ್ದಾಳೆ. ಅಪ್ಪ ಆ ಕೂಡಲೇ ಏಣಿ ತಂದು ಹಜಾರದ ಗೋಡೆಗೆ ಹಾಕಿ, ಉಪ್ಪುಕಾಗದ ಹಿಡಿದು ಉಜ್ಜುತ್ತಿದ್ದಾರೆ. ಕೊನೆಯಿಂದ ಶುರು ಮಾಡಿದ್ದಾರೆ. ‘ದು’ ಹೋಯಿತು. ‘ಡ’ ಹೋಯಿತು. ನಾನು ಇದನ್ನು ಬರೆಯುವಾಗ ‘ಕೂಡದು’ವಿನಲ್ಲಿ ‘ಕೂ’ ಮಾತ್ರ ಉಳಿದಿದೆ, ಹೊರಡುವ ಮುನ್ನ ರೈಲು ಕೂಗಿದ ಹಾಗೆ. ಅಪ್ಪ ಬದುಕಿನಲ್ಲಿ ಹೇಳಿರುವುದು ಇದೊಂದೇ ಸುಳ್ಳು, ಅಕ್ಕ. ನೀನು ರೈಲು ಹತ್ತಿದರೆ ಅದೂ ಇರುವುದಿಲ್ಲ.